ಅಟ್ಟದ ಹಂಚು, ಘಟ್ಟದ ಮೈಲೇಜು

ಅಟ್ಟದ ಕೆಲಸ ಶುರುವಾಗಿದ್ದು ಮುಸ್ಯಗಳಿಂದ, ಅಂದರೆ ಕಪ್ಪು ಮುಖದ ಕೋತಿಗಳಿಂದ. 2024ರ ದೀಪಾವಳಿ ಮುಗಿದು, ಅಡಿಕೆಯ ಕೊನೆಕೊಯ್ಲು ಇನ್ನೇನು ಶುರುವಾಗಬೇಕು ಅನ್ನುವಾಗ, ಒಂದು ಬೆಳಿಗ್ಗೆ ಹತ್ತು ಹನ್ನೆರಡು ಮುಸ್ಯ ಹಿತ್ತಿಲ ಹಲಸಿನ ಮರದಿಂದ ಸೀದಾ ಮಾಡಿನ ಮೇಲೆ ಧುಮುಕಿದವು. ಶಿರಸಿ ಕಡೆಯವರಿಗೆ ಇದೇನೂ ಹೊಸದಲ್ಲ. ಆದರೆ ಆ ಸಲ ಮೂವತ್ತನಾಲ್ಕು ಹಂಚು ಒಡೆದವು. ವಾರ ಕಳೆಯುವುದರೊಳಗೆ ಅಕಾಲದ ಮಳೆ ಬಂತು. ಅಟ್ಟದ ಮೇಲಿದ್ದ ಅಡಿಕೆ ಚೀಲ ನೆನೆಯಿತು, ಮಗಳ ಹಳೆಯ ಪುಸ್ತಕಗಳ ಪೆಟ್ಟಿಗೆಯೂ ನೆನೆಯಿತು.

ನಮ್ಮದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ಮನೆ ಮಾವನವರ ಅಜ್ಜ ಕಟ್ಟಿಸಿದ್ದು. ನಾನು ಕುಮಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸೋಮವಾರ ಘಟ್ಟ ಇಳಿದು ಬುಧವಾರ ಸಂಜೆ ಹತ್ತುತ್ತೇನೆ, ಗುರುವಾರ ಮತ್ತೆ ಇಳಿದು ಶನಿವಾರ ಮನೆಗೆ ಬರುತ್ತೇನೆ. ತಿಂಗಳಿಗೆ ಸುಮಾರು 1,000 ಕಿಲೋಮೀಟರ್ ಓಡಾಟ. ಕಾರು 2010ರದ್ದು. 2025ರ ಜೂನ್‌ಗೆ ಅದಕ್ಕೆ 15 ವರ್ಷ ತುಂಬುತ್ತಿತ್ತು. ಅದೇ ಜೂನ್‌ಗೆ ಮಗಳು ಎರಡನೇ ಪಿಯುಸಿ. ಕೊನೆಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವವರು ಇರುತ್ತಾರೆ. ಮಾತು, ನಗು, ಮೆಟ್ಟುಗತ್ತಿಯ ಸದ್ದು. ಅದೆಲ್ಲ ನನಗೆ ಇಷ್ಟವೇ. ಆದರೆ ಓದುವ ಹುಡುಗಿಗೆ ಬೇರೆ ಜಾಗ ಬೇಕಿತ್ತು. ಹೀಗೆ ಅಟ್ಟ ಮತ್ತು ಕಾರು, ಎರಡೂ ಒಂದೇ ವರ್ಷ ಒಂದೇ ಗಂಟಿನ ದುಡ್ಡಿಗೆ ಕಾದು ಕುಳಿತವು.

ಮೊದಲು ಪೇಟೆಯಿಂದ ಒಬ್ಬ ಗುತ್ತಿಗೆದಾರರನ್ನು ಕರೆಸಿದೆವು. ಅವರು ಅಟ್ಟಕ್ಕೆ ಹತ್ತಿ, ಐದು ನಿಮಿಷ ಟಾರ್ಚು ತಿರುಗಿಸಿ, ಇಳಿದು ಬಂದರು. ಹಂಚು ಪೂರ್ತಿ ತೆಗೆದು ಬಣ್ಣದ ತಗಡು ಹಾಕೋದು, ನೆಲದ ಮಣ್ಣು ಕೆರೆದು ಪ್ಲೈವುಡ್ ಹಾಸೋದು, ಜಿಪ್ಸಮ್ ಸೀಲಿಂಗ್, ಒಂದು ಎಸಿ. ಒಟ್ಟು ಆರೂವರೆ ಲಕ್ಷ. ನಮ್ಮನೆಯವರು ಸುಮ್ಮನೆ ನನ್ನ ಮುಖ ನೋಡಿದರು. ಅತ್ತೆ ಮಾತ್ರ ಅಡುಗೆಮನೆಯಿಂದಲೇ ಹೇಳಿದರು, “ತಂಗಿ, ಆ ಮಣ್ಣು ಮುಟ್ಟಡ. ಅದು ಮನೆ ಕಾಯ್ತು.”

ಮಣ್ಣು ಮನೆಯನ್ನು ಹೇಗೆ ಕಾಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟವರು ನಮ್ಮೂರಿನ ಬಡಗಿ ಆಚಾರ್ರು. ಎಪ್ಪತ್ತು ದಾಟಿದೆ, ಈಗಲೂ ಏಣಿ ಹತ್ತುತ್ತಾರೆ. ನಮ್ಮ ಅಟ್ಟದ ನೆಲ ಹಳೆಯ ಕಾಲದ ಮುಚ್ಚಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ನಾಲ್ಕು ಇಂಚು ಗಟ್ಟಿಮಣ್ಣು. “ಅಕ್ಕೋರೇ, ಮುಂಚೆ ಮಾಡಿಗೆ ಸೋಗೆ ಹೊದಿಸ್ತಿದ್ರು. ಬೆಂಕಿ ಬಿದ್ರೆ ಮಾಡು ಹೋಗ್ತಿತ್ತು, ಈ ಮಣ್ಣಿಂದ ಕೆಳಗಿನ ಮನೆ ಉಳೀತಿತ್ತು” ಅಂದರು. ಸೋಗೆ ಹೋಗಿ ಹಂಚು ಬಂದ ಮೇಲೂ ಆ ಮಣ್ಣು ಕೆಲಸ ಬಿಟ್ಟಿಲ್ಲ. ಹಂಚಿನ ಕಾವು ಕೆಳಗಿಳಿಯದ ಹಾಗೆ ತಡೆಯುತ್ತದೆ.

ಆ ರಾತ್ರಿ ಲೆಕ್ಕ ಹಾಕಿದೆ. ಅಟ್ಟ 12 ಅಡಿ ಅಗಲ, 24 ಅಡಿ ಉದ್ದ. ನಾಲ್ಕು ಇಂಚಿನ ಮಣ್ಣು ಅಂದರೆ ನಾಲ್ಕು ಟನ್ನಿಗೂ ಜಾಸ್ತಿ. ಅಷ್ಟು ಭಾರ ಹೊತ್ತು ಆ ತೊಲೆಗಳು ತಲೆಮಾರುಗಟ್ಟಲೆ ನಿಂತಿವೆ. ಅದರ ಮೇಲೆ ಸಿಮೆಂಟು ಹಾಕಿ ಟೈಲ್ಸ್ ಕೂರಿಸಿದರೆ ಇನ್ನೆರಡು ಟನ್ನು ಏರುತ್ತಿತ್ತು. ಹಳೆಯ ಮನೆಯ ಅಟ್ಟಕ್ಕೆ ಟೈಲ್ಸ್ ಹಾಕಿಸುವವರು ಈ ಒಂದು ಗುಣಾಕಾರ ಮಾಡಿಯೇ ಮುಂದುವರಿಯಬೇಕು. ನಾವು ಮಣ್ಣನ್ನು ಹಾಗೇ ಬಿಟ್ಟೆವು. ಬಿರುಕಿದ್ದ ಕಡೆ ಹೊಸ ಮಣ್ಣು ಮೆತ್ತಿ, ಮೇಲೆ ಹಗುರವಾದ ಹಲಗೆ ಹಾಸಿದೆವು. ಮೇಜು, ಪುಸ್ತಕದ ಕಪಾಟು ಎರಡನ್ನೂ ತೊಲೆ ಹಾದುಹೋಗುವ ಸಾಲಿನ ಮೇಲೇ ಇಟ್ಟಿದ್ದೇವೆ.

ಹಂಚಿನ ಕಥೆಯೇ ದೊಡ್ಡದು. ಶಿರಸಿಯ ಅಂಗಡಿಯಿಂದ ಹತ್ತು ಹೊಸ ಹಂಚು ತಂದು ಕೂರಿಸಿ ನೋಡಿದೆವು. ಕೂರಲೇ ಇಲ್ಲ. ಹಳೆಯದರ ಪಕ್ಕ ಹೊಸದು ಹೆಬ್ಬೆರಳು ತೂರುವಷ್ಟು ಎದ್ದು ನಿಲ್ಲುತ್ತಿತ್ತು. ದೂರದಿಂದ ಎಲ್ಲ ಮಂಗಳೂರು ಹಂಚೂ ಒಂದೇ ಥರ ಕಾಣುತ್ತವೆ. ಆದರೆ ಒಂದೊಂದು ಕಾರ್ಖಾನೆಯದ್ದಕ್ಕೆ ಒಂದೊಂದು ಅಳತೆಯ ಕಚ್ಚು, ಒಂದೊಂದು ಆಳದ ಅಂಚು. ಒಂದು ಕಂಪನಿಯದ್ದು ಇನ್ನೊಂದರ ಜೊತೆ ಕಚ್ಚಿಕೊಳ್ಳುವುದಿಲ್ಲ. ನಮ್ಮ ಮಾಡಿನ ಹಂಚು ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಬಾಸೆಲ್ ಮಿಶನ್ ಅಂತ ಉಬ್ಬಕ್ಷರ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದೇ ಗುರುತಿನ ಹಂಚು ಈಗ ಹಳೆಯ ಮನೆ ಬಿಚ್ಚುವವರ ಹತ್ತಿರ ಮಾತ್ರ ಸಿಗುತ್ತದೆ.

ನನ್ನ ಅದೃಷ್ಟಕ್ಕೆ ಕುಮಟಾ ತಾಲೂಕಿನಲ್ಲೇ ಸಿಕ್ಕಿತು. ಹೆದ್ದಾರಿ ಅಗಲ ಮಾಡುವಾಗ ಅರ್ಧ ಹೋದ ಮನೆ ಅದು. ಉಳಿದ ಅರ್ಧವನ್ನೂ ಬಿಚ್ಚಿ ತಾರಸಿ ಮನೆ ಕಟ್ಟುತ್ತಿದ್ದರು. ಅಂಗಳದಲ್ಲಿ ಹಂಚು ಸಾಲಾಗಿ ಒರಗಿಸಿಟ್ಟಿದ್ದರು. ಒಂದನ್ನು ಎತ್ತಿ ನೋಡಿದೆ. ಮೇಲ್ಮೈ ಪಾಚಿಗಟ್ಟಿ ಕಪ್ಪಾಗಿತ್ತು. ಬೆನ್ನು ಮಾತ್ರ ನಿನ್ನೆ ಸುಟ್ಟು ತೆಗೆದ ಹಾಗೆ ಕೆಂಪು. ಅಕ್ಷರಗಳ ಕೆಳಗೆ, ಅಂಚಿನ ಹತ್ತಿರ, ಮೂರು ಬೆರಳಿನ ಗುರುತು. ಹಸಿಮಣ್ಣಿನ ಹಂಚನ್ನು ಅಚ್ಚಿನಿಂದ ಎತ್ತುವಾಗ ಯಾರದ್ದೋ ಬೆರಳು ಒತ್ತಿದ್ದು, ಹಾಗೇ ಸುಟ್ಟುಹೋಗಿದೆ. ನನ್ನ ಬೆರಳು ಇಟ್ಟು ನೋಡಿದೆ. ಆ ಗುರುತು ನನ್ನ ಬೆರಳಿಗಿಂತ ಸಣ್ಣದಿತ್ತು. ಮನೆಯ ಯಜಮಾನರು, “ತಗೊಂಡು ಹೋಗಿ ಅಕ್ಕೋರೇ, ಇಲ್ಲಿದ್ರೆ ಜೆಸಿಬಿ ಅಡಿಗೆ ಹೋಗ್ತದೆ. ನಿಮ್ಮ ಮಾಡಿನ ಮೇಲಾದ್ರೂ ಇರ್ಲಿ” ಅಂದರು. ಆ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಹಂಚಿನ ಸಾಲನ್ನೇ ನೋಡುತ್ತಿದ್ದರು.

ನೂರಿಪ್ಪತ್ತು ಹಂಚು ತಗೊಂಡೆ. ಒಂದೊಂದು ಎರಡೂವರೆ ಕಿಲೋ. ಟೆಂಪೊಗೆ ಕೊಡುವ ದುಡ್ಡು ಉಳಿಸೋಣ ಅಂತ ಎರಡು ಸಲ ಅರವತ್ತರವತ್ತು ಹಂಚು ನನ್ನ ಕಾರಿನಲ್ಲೇ ಘಟ್ಟ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ 150 ಕಿಲೋ. ಕತಗಾಲ ದಾಟಿ ಘಟ್ಟ ಶುರುವಾದ ಮೇಲೆ ಕಾರು ಎರಡನೇ ಗೇರು ಬಿಟ್ಟು ಮೇಲೆ ಹೋಗಲೇ ಇಲ್ಲ. ದೇವಿಮನೆಯಲ್ಲಿ ನಿಲ್ಲಿಸಿ, ಕೈಮುಗಿದು, ಎಂಜಿನ್ ತಣಿಯಲಿ ಅಂತ ಅರ್ಧ ಗಂಟೆ ಕೂತೆ. ಆ ವಾರ ಪೆಟ್ರೋಲ್ ಹಾಕಿಸಿ ಲೆಕ್ಕ ನೋಡಿದರೆ ಲೀಟರಿಗೆ 11 ಕಿಲೋಮೀಟರ್ ಬಂದಿತ್ತು. ಭಾರ ಇಲ್ಲದ ದಿನಗಳಲ್ಲೂ 13 ದಾಟುತ್ತಿರಲಿಲ್ಲ. ಅಟ್ಟದ ಖರ್ಚು ಬರೆಯುತ್ತಿದ್ದ ನೋಟ್‌ಪುಸ್ತಕದ ಬಲಬದಿಗೆ ಅವತ್ತಿನಿಂದ ಪೆಟ್ರೋಲಿನ ಲೆಕ್ಕ ಬರೆಯಲು ಶುರು ಮಾಡಿದೆ.

ಹಂಚು ಬಿಚ್ಚಿದ ಮೇಲೆ ಮಾಡಿನ ಇಳಿಜಾರಿನ ಮರಗಳಾದ ಪಕಾಸಿ, ಅದರ ಮೇಲೆ ಅಡ್ಡಕ್ಕೆ ಹೊಡೆದ, ಹಂಚು ಕೂರುವ ರೀಪು ಎಲ್ಲ ಕಣ್ಣಿಗೆ ಬಿತ್ತು. ಪಕಾಸಿ ಮತ್ತಿಮರದ್ದು, ಕಲ್ಲಿನ ಹಾಗಿತ್ತು. ರೀಪುಗಳಲ್ಲಿ ಅರ್ಧಕ್ಕರ್ಧ ಒರಲೆ (ಗೆದ್ದಲು) ತಿಂದಿತ್ತು. ಅವನ್ನು ಬದಲಿಸಿ, ಹಳೆಯದು ಹೊಸದು ಎಲ್ಲಕ್ಕೂ ಗೇರೆಣ್ಣೆ ಹೊಡೆದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಇದು. ಕರಾವಳಿಯಲ್ಲಿ ದೋಣಿಗೂ ಹಚ್ಚುತ್ತಾರೆ. ಕಾಕಂಬಿಯ ಹಾಗೆ ಕಪ್ಪು, ಮಂದ. ಸ್ವಲ್ಪ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿ ಬ್ರಷ್‌ನಲ್ಲಿ ಹಚ್ಚಬೇಕು. ಮರ ಅದನ್ನು ಕುಡಿಯುವುದು ಕಣ್ಣಿಗೆ ಕಾಣುತ್ತದೆ. ಹಚ್ಚಿದ ಹತ್ತು ನಿಮಿಷಕ್ಕೆ ಹೊಳಪು ಒಳಗೆ ಇಳಿದು, ಮತ್ತೆ ಒಣಗಿದ ಬಣ್ಣ ಬರುತ್ತದೆ. ಆಗ ಎರಡನೇ ಸಲ ಹಚ್ಚಬೇಕು. ಕೈಗವಸು ಹಾಕದೆ ಮುಟ್ಟಲೇಬಾರದು. ನನ್ನ ಮಣಿಕಟ್ಟಿಗೆ ಎರಡು ಹನಿ ಸಿಡಿದಿದ್ದು ಬೊಬ್ಬೆ ಎದ್ದು, ಸಿಪ್ಪೆ ಸುಲಿದು, ವಾಸಿಯಾಗಲು ಮೂರು ವಾರ ಬೇಕಾಯಿತು. ವಾಸನೆ ಒಂದು ತಿಂಗಳು ಇರುತ್ತದೆ. ಅಷ್ಟಾದರೂ ಅಂಗಡಿಯ ಔಷಧಕ್ಕಿಂತ ಇದನ್ನೇ ನಾನು ನಂಬುತ್ತೇನೆ. ನಮ್ಮ ಕೊಟ್ಟಿಗೆಯ ಕಂಬಕ್ಕೆ ಮಾವನವರು ಹಚ್ಚಿದ್ದು ಇವತ್ತಿಗೂ ಒರಲೆ ಮುಟ್ಟಿಲ್ಲ.

ಆಮೇಲೆ ಸೆಖೆಯ ಪ್ರಶ್ನೆ. ಶಾಲೆಯ ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಂದು ಮಾರ್ಚ್‌ನಲ್ಲಿ ಮೂರು ದಿನ ದಾರ ಕಟ್ಟಿ ತೂಗುಹಾಕಿದೆ. ಮಧ್ಯಾಹ್ನ ಮೂರಕ್ಕೆ ಹಂಚಿನ ಕೆಳಗೆ 41 ಡಿಗ್ರಿ. ಅಟ್ಟದಲ್ಲಿ ಕೂತರೆ ತಲೆ ಬರುವ ಎತ್ತರದಲ್ಲಿ 36. ಕೆಳಗೆ ಜಗಲಿಯಲ್ಲಿ 29. ಅಂದರೆ ಕಾವು ಬರುವುದು ಹಂಚಿನಿಂದ, ಬಂದ ಮೇಲೆ ಹೊರಗೆ ಹೋಗಲು ದಾರಿ ಇಲ್ಲ. ಎಸಿ ಹಾಕಿದ್ದರೆ ದಿನವೂ ಆ ಕಾವಿನ ಜೊತೆ ಗುದ್ದಾಡಬೇಕಿತ್ತು. ಅದರ ಬದಲು ಪಕಾಸಿಯ ಕೆಳಗೆ ಹೊಳೆಯುವ ಫಾಯಿಲ್ ಶೀಟು, ಅದರ ಕೆಳಗೆ ಹಲಗೆಯ ಸೀಲಿಂಗು. ಹಂಚಿಗೂ ಶೀಟಿಗೂ ನಡುವೆ ಗಾಳಿ ಆಡಲು ಮೂರಿಂಚು ಖಾಲಿ ಜಾಗ. ಸೂರಿನ ಕಡೆ ಗಾಳಿ ಒಳಗೆ ಬರಲು ಸಂದು, ನೆತ್ತಿಯಲ್ಲಿ ಹೊರಗೆ ಹೋಗಲು ಸಂದು. ಬಿಸಿಗಾಳಿ ತಾನಾಗಿಯೇ ಮೇಲೇರಿ ಹೋಗುತ್ತದೆ.

ಲೆಕ್ಕ ಸರಿ ಇತ್ತು, ಕೆಲಸ ತಪ್ಪಿತು. ಶೀಟು ಹೊಡೆಯಲು ಬಂದ ಹುಡುಗರು ನಾನು ಕುಮಟಾದಲ್ಲಿದ್ದ ಎರಡು ದಿನದಲ್ಲಿ ಅದನ್ನು ರೀಪಿಗೇ ಬಿಗಿಯಾಗಿ ಮೊಳೆ ಹೊಡೆದಿದ್ದರು. ಇಲಿ ಬರಬಾರದು ಅಂತ ಸೂರಿನ ಸಂದಿಗೆಲ್ಲ ಸಿಮೆಂಟು ಮೆತ್ತಿದ್ದರು. ನೋಡಲು ಅಚ್ಚುಕಟ್ಟಾಗಿತ್ತು, ನಾನೂ ಸುಮ್ಮನಾದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮಲ್ಲೂ ಮೇ ಕೊನೆಗೇ ಜೋರು ಮಳೆ. ನಾಲ್ಕನೇ ದಿನ ಅಟ್ಟಕ್ಕೆ ಹತ್ತಿದರೆ ಒದ್ದೆ ಗೋಣಿಯ ವಾಸನೆ. ಹಲಗೆ ಒಂದನ್ನು ಬಿಚ್ಚಿಸಿ ನೋಡಿದರೆ ಶೀಟಿನ ಮೇಲೆಲ್ಲ ನೀರಿನ ಮಣಿ. ಹಂಚು ಸೋರಿರಲಿಲ್ಲ. ಮಳೆಗಾಲದಲ್ಲಿ ಹಂಚು ನೀರು ಹೀರುತ್ತದೆ, ಗಾಳಿ ಆಡಿದರೆ ಆರುತ್ತದೆ. ಆ ಗಾಳಿಯನ್ನೇ ನಾವು ಮುಚ್ಚಿದ್ದೆವು. ಹೊಸ ರೀಪಿನ ಮೇಲೆ ಬಿಳಿ ಬೂಸು ಆಗಲೇ ಬಂದಿತ್ತು.

ಎಲ್ಲ ಬಿಚ್ಚಿಸಿದೆ. ಆಚಾರ್ರು ಮಳೆ ಬಿಟ್ಟ ಎರಡು ದಿನ ನೋಡಿ ಪಕಾಸಿಯ ಕೆಳಗೆ ಪಟ್ಟಿ ಹೊಡೆದು ಮೂರಿಂಚು ಜಾಗ ಬಿಟ್ಟು ಶೀಟು ಕಟ್ಟಿದರು. ಸಿಮೆಂಟು ಒಡೆದು, ಸೂರಿನ ಸಂದಿಗೆ ಇಲಿ ನುಗ್ಗದ ಸಣ್ಣ ಕಣ್ಣಿನ ಜಾಲರಿ ಬಡಿದರು. ಹನ್ನೆರಡು ಸಾವಿರ ಹೆಚ್ಚಿಗೆ ಹೋಯಿತು. ಶಿರಸಿ ಸುತ್ತಮುತ್ತ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಇಂಥ ಕಡೆ ಹಂಚಿನ ಮಾಡಿನ ಕೆಳಗೆ ಏನೇ ಮುಚ್ಚಿಸುವುದಿದ್ದರೂ, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ ಕೆಲಸದವರ ಎದುರು ನಿಂತು ತೋರಿಸಿಕೊಡಿ. ಎರಡು ಗಾಜಿನ ಹಂಚು ಉತ್ತರದ ಕಡೆಗೆ ಹಾಕಿಸಿದೆವು. ಇಲಿ ಕಡಿದಿದ್ದ ಹಳೆಯ ವೈರ್ ತೆಗೆಸಿ ಪೈಪಿನೊಳಗೆ ಹೊಸದು ಎಳೆಸಿದೆವು. ಒಟ್ಟು ಖರ್ಚು ಎರಡು ಲಕ್ಷ ಎಂಬತ್ತು ಸಾವಿರ.

ಇನ್ನು ಕಾರು. ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು. ಶುಲ್ಕವೇ 5,000 ರೂಪಾಯಿ. ಅದು ದೊಡ್ಡದಲ್ಲ. ಆದರೆ ಫಿಟ್‌ನೆಸ್‌ಗೆ ಮುಂಚೆ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ತೋರಿಸಿದರು. ಕರಾವಳಿಯ ಉಪ್ಪುಗಾಳಿಗೆ ಅಡಿಭಾಗ ತುಕ್ಕು ಹಿಡಿದು, ಒತ್ತಿದರೆ ಉದುರುತ್ತಿತ್ತು. ಕ್ಲಚ್, ಸಸ್ಪೆನ್ಷನ್ ಸೇರಿ ಎಪ್ಪತ್ತು ಸಾವಿರ ಅಂದರು. ಬೇಡ ಅಂತ ಅವತ್ತೇ ತೀರ್ಮಾನ ಆಯಿತು.

ಶೋರೂಮಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ, ಮೈಲೇಜು. ಸ್ವಿಫ್ಟ್ ಮ್ಯಾನ್ಯುವಲ್‌ಗೆ 24.80, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೆ 27.97. “ಇಪ್ಪತ್ತೈದು ಪಕ್ಕಾ ಮೇಡಂ” ಅಂದ ಹುಡುಗನಿಗೆ ದೇವಿಮನೆ ಘಟ್ಟದಲ್ಲಿ ಎಷ್ಟು ಅಂತ ಕೇಳಿದೆ. ಉತ್ತರ ಬರಲಿಲ್ಲ. ಈ ಸಂಖ್ಯೆಗಳು ಸುಳ್ಳಲ್ಲ. ಅವು ಲ್ಯಾಬಿನಲ್ಲಿ ರೋಲರ್ ಮೇಲೆ, ಎಸಿ ಹಾಕದೆ, 20 ನಿಮಿಷದಷ್ಟು ಹೊತ್ತು ಒಂದು ಗೊತ್ತಾದ ವೇಗದ ಪಟ್ಟಿಯಂತೆ ಓಡಿಸಿ ತೆಗೆದವು. ಒಂದು ಕಾರಿಗೂ ಇನ್ನೊಂದಕ್ಕೂ ಹೋಲಿಸಲು ಉಪಯೋಗಕ್ಕೆ ಬರುತ್ತವೆ. ನಮ್ಮ ಜೇಬಿನ ಲೆಕ್ಕಕ್ಕೆ ಬರುವುದಿಲ್ಲ.

ಘಟ್ಟದ ಲೆಕ್ಕವನ್ನು ನಾನೇ ಹಾಕಿದೆ. ಸಮುದ್ರದ ಮಟ್ಟದಿಂದ ಶಿರಸಿ ಸುಮಾರು 600 ಮೀಟರ್ ಎತ್ತರ. ಜನ, ಸಾಮಾನು ಸೇರಿ 1,150 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತಲು ಬೇಕಾದ ಶಕ್ತಿಗೇ ಮುಕ್ಕಾಲು ಲೀಟರಿನ ಹತ್ತಿರ ಪೆಟ್ರೋಲ್ ಸುಡುತ್ತದೆ. ರಸ್ತೆ ಓಡಿದ್ದಕ್ಕೆ ಆಗುವುದು ಬೇರೆ. ಯಾವ ಕಂಪನಿಯ ಕಾರಾದರೂ ಇದನ್ನು ತಪ್ಪಿಸಲು ಆಗುವುದಿಲ್ಲ. ಕಡಿಮೆ ತೂಕದ ಕಾರಿಗೆ ಕಡಿಮೆ ಸುಡುತ್ತದೆ ಅಷ್ಟೇ.

ನನ್ನ ಮನಸ್ಸು ಗಟ್ಟಿ ಮಾಡಿದ ಲೆಕ್ಕ ಇನ್ನೊಂದು. ತಿಂಗಳಿಗೆ 1,000 ಕಿಲೋಮೀಟರಿಗೆ 13ರ ಮೈಲೇಜಿನ ಹಳೆಯ ಕಾರು 77 ಲೀಟರ್ ಕುಡಿಯುತ್ತಿತ್ತು. 20 ಕೊಡುವ ಕಾರು 50 ಲೀಟರ್ ಕುಡಿಯುತ್ತದೆ. 24 ಕೊಡುವುದು 42 ಲೀಟರ್. ಮೊದಲ ಜಿಗಿತದಲ್ಲಿ 27 ಲೀಟರ್ ಉಳಿಯಿತು, ಎರಡನೆಯದರಲ್ಲಿ ಬರೀ ಎಂಟು. ಲೀಟರಿಗೆ 103 ರೂಪಾಯಿಯಂತೆ ಆ ಎಂಟು ಲೀಟರಿಗೆ ವರ್ಷಕ್ಕೆ ಹತ್ತು ಸಾವಿರ. ಸ್ವಿಫ್ಟ್‌ಗೂ ಹೈಬ್ರಿಡ್‌ಗೂ ನಮಗೆ ಕೊಟ್ಟ ಎರಡು ಕೊಟೇಶನ್‌ಗಳ ನಡುವೆ ಅಂತರ ಎಂಟು ಲಕ್ಷಕ್ಕೂ ಜಾಸ್ತಿ. ಆ ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರಲು ಎಂಬತ್ತು ವರ್ಷ ದಾಟುತ್ತದೆ. ಹೈಬ್ರಿಡ್ ಒಳ್ಳೆಯ ಕಾರು, ದಿನಕ್ಕೆ ನೂರಾರು ಕಿಲೋಮೀಟರ್ ಓಡುವವರಿಗೆ ಲೆಕ್ಕ ಬೇರೆಯೇ ಆಗುತ್ತದೆ. ನನಗೆ ಅಲ್ಲ. ಸಿಎನ್‌ಜಿ ನೋಡಿದೆ, ಸಿಲಿಂಡರಿಗೆ ಡಿಕ್ಕಿಯ ಜಾಗ ಹೋಗುತ್ತದೆ. ತೆಂಗಿನಕಾಯಿ, ಬಾಳೆಗೊನೆ, ಅಪ್ಪೆಮಿಡಿ ಭರಣಿ ಹೊರುವ ನನಗೆ ಡಿಕ್ಕಿ ಬೇಕೇ ಬೇಕು. ವಿದ್ಯುತ್ ಕಾರು ಮನಸ್ಸಿಗೆ ತುಂಬಾ ಹಿಡಿಸಿತು. ಆದರೆ ಮಳೆಗಾಲದಲ್ಲಿ ನಮ್ಮೂರಿಗೆ ಮೂರು ಮೂರು ದಿನ ಕರೆಂಟು ಇರುವುದಿಲ್ಲ.

ಟೆಸ್ಟ್ ಡ್ರೈವಿಗೆ ಪೇಟೆಯ ರಸ್ತೆ ಬೇಡ ಅಂದೆ. ನಾಲ್ಕು ಜನ ಕೂತು, ಎಸಿ ಹಾಕಿ, ಕತಗಾಲದಿಂದ ಮೇಲೆ ಐದಾರು ತಿರುವು ಹತ್ತಿಸಿ ನೋಡಿದೆ. ಮೊದಮೊದಲು ಆ ಹುಡುಗ ಒಪ್ಪಲಿಲ್ಲ. ಹಾಗಾದರೆ ಇವತ್ತು ಬೇಡ, ಶನಿವಾರ ಬರುತ್ತೇನೆ ಅಂತ ನಾನು ಅಂದ ಮೇಲೆ ಒಪ್ಪಿದ. ಅವಸರ ಮಾಡದೆ ಇದ್ದಿದ್ದು ಇನ್ನೊಂದಕ್ಕೂ ಒಳ್ಳೆಯದಾಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಸೆಸ್ಸೂ ಸೇರಿ ಇದ್ದ ಶೇ. 29ರಿಂದ ಶೇ. 18ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಸ್ವಿಫ್ಟ್ ಮ್ಯಾನ್ಯುವಲ್ ತಗೊಂಡೆವು. ಕೆಎ-31 ನಂಬರು ಬಿತ್ತು. ಶೋರೂಮ್ ಬೆಲೆ ಮಾತ್ರ ನೋಡಿ ಬಜೆಟ್ ಹಾಕಬೇಡಿ. 5ರಿಂದ 10 ಲಕ್ಷದ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆಯೇ ಶೇ. 14, ಅದರ ಮೇಲೆ ಸೆಸ್ಸು, ವಿಮೆ.

ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಅಳೆಯುತ್ತಿದ್ದೇನೆ. ಹತ್ತುವಾಗ 17, ಇಳಿಯುವಾಗ 25. ಸರಾಸರಿ 21 ಅನ್ನಬಾರದು. ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ, ಅರ್ಧ ತರಗತಿ 21 ಅಂತಲೇ ಬರೆದಿತ್ತು. ದೂರವನ್ನು ಲೀಟರಿನಿಂದ ಭಾಗಿಸಬೇಕು, ಆಗ 20.2 ಬರುತ್ತದೆ. ಇಳಿಯುವಾಗ ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉರಿಯಲು ಪೆಟ್ರೋಲ್ ಬೇಕು, ಬ್ರೇಕೂ ಬಿಸಿಯಾಗುತ್ತದೆ. ಘಟ್ಟದಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುವವರು ದಯವಿಟ್ಟು ಅದನ್ನು ಬಿಡಿ.

ಅಟ್ಟದಲ್ಲಿ ಮಗಳು ಓದುತ್ತಿದ್ದಾಳೆ. ಅಕ್ಟೋಬರ್ ಬಿಸಿಲಿನಲ್ಲಿ ಮತ್ತೆ ಥರ್ಮಾಮೀಟರ್ ಕಟ್ಟಿದೆ. ಹಂಚಿನ ಕೆಳಗೆ 38, ಮೇಜಿನ ಹತ್ತಿರ 31. ಫ್ಯಾನ್ ಸಾಕು. ಆ ಬೆರಳಿನ ಗುರುತಿನ ಹಂಚನ್ನು ಎಲ್ಲಿ ಹಾಕಿದರು ಅಂತ ಆಚಾರ್ರನ್ನು ಕೇಳಿದ್ದೆ, ಗಾಜಿನ ಹಂಚಿನ ಎಡಕ್ಕೆ ಅಂದರು.

ತಂದ ನೂರಿಪ್ಪತ್ತರಲ್ಲಿ ಇಪ್ಪತ್ತಾರು ಹಂಚು ಉಳಿದಿವೆ. ಕೊಟ್ಟಿಗೆಯ ಹಿಂದೆ ಅಡಿಕೆ ಹಾಳೆ ಹೊದಿಸಿ ಇಟ್ಟಿದ್ದೇನೆ. ಮುಸ್ಯ ಹಾರಿ ಬರುವ ಹಲಸಿನ ಕೊಂಬೆಯನ್ನು ಕಡಿಸೋಣ ಅಂತ ಹೇಳಿದೆ. ಅತ್ತೆ ಒಪ್ಪಲಿಲ್ಲ. “ಆ ಕೊಂಬೆ ಹಣ್ಣೇ ಸೀ ತಂಗಿ, ಕಡಸಡ” ಅಂದರು.